ಗತಕಾಲದ ಕಡಲಮೊಸಳೆಗಳು

ಕುಂದಾಪುರಕ್ಕೆ ಸಮೀಪದ ಗಂಗೊಳ್ಳಿ ಬಂದರಿನಲ್ಲಿ ಮೀನು ಕೊಳ್ಳುವವರು ಒಂದು ಸಂಗತಿಯನ್ನು ಅನುಭವದಿಂದಲೇ ಅರಿತಿರುತ್ತಾರೆ. ಎರಡು ಮೊಳ ಉದ್ದದ ಅಂಜಲ್ ಮೀನು ಒಂದು ಮೊಳದ ಅಂಜಲಿನ ಎರಡರಷ್ಟು ಮಾತ್ರ ತೂಗುವುದಿಲ್ಲ. ಸುಮಾರು ಎಂಟರಷ್ಟು ತೂಗುತ್ತದೆ. ಉದ್ದದೊಡನೆ ಅಗಲವೂ ದಪ್ಪವೂ ಇಮ್ಮಡಿಯಾಗುವುದೇ ಇದಕ್ಕೆ ಕಾರಣ. ಭಾರವು ಹೀಗೆ ಏರುವುದರಿಂದ, ಬೆಳೆಯುವ ಪ್ರಾಣಿಯ ಅವಯವಗಳೆಲ್ಲ ಒಂದೇ ಪ್ರಮಾಣದಲ್ಲಿ ಹಿಗ್ಗಿದರೆ ಸಾಲದು. ನವಜಾತ ಶಿಶುವಿನ ತಲೆ ದೇಹದ ಉದ್ದದ ಕಾಲುಭಾಗದಷ್ಟಿದ್ದರೆ, ವಯಸ್ಕರಲ್ಲಿ ಅದು ಸುಮಾರು ಎಂಟನೆಯ ಒಂದು ಭಾಗ ಮಾತ್ರ.

ಮೊಸಳೆಯಲ್ಲಿಯೂ ಇಂತಹ ವ್ಯತ್ಯಾಸವನ್ನು ಕಾಣಬಹುದು. ದಾಂಡೇಲಿಯ ಕಾಳಿ ನದಿಯಲ್ಲಿಯೂ ರಂಗನತಿಟ್ಟಿನಲ್ಲಿಯೂ ಇರುವ ಮೊಸಳೆಗಳು ಮೊಟ್ಟೆಯೊಡೆದು ಬಂದಾಗ ಸುಮಾರು 30 ಸೆಂಟಿಮೀಟರ್ ಉದ್ದವಿರುತ್ತವೆ. ಮರಿಯ ಕಣ್ಣುಗಳು ತಲೆಗೆ ಹೋಲಿಸಿದರೆ ದೊಡ್ಡವು, ಮೂತಿ ಗಿಡ್ಡ. ಬೆಳೆದಂತೆ ಮೂತಿ ನೀಳವಾಗುತ್ತದೆ. ಕಣ್ಣುಗಳು ಅಷ್ಟು ವೇಗವಾಗಿ ಬೆಳೆಯುವುದಿಲ್ಲ.

ಇಂದಿನ ಈ ಮೊಸಳೆಗಳು ಸಿಹಿನೀರಿನವು. ಆದರೆ ಅವುಗಳ ದೂರದ ಬಂಧುಗಳು ಒಂದು ಕಾಲದಲ್ಲಿ ಕಡಲಿನಲ್ಲಿ ಬಾಳಿದವು. ಬ್ರಹ್ಮಾವರದ ದಕ್ಷಿಣಕ್ಕೆ, ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪದ ಕಂಬಶಿಲೆಗಳಿಗೆ ಸುಮಾರು 8.8 ಕೋಟಿ ವರ್ಷ ವಯಸ್ಸು. ಅವು ಲಾವಾರಸದಿಂದ ಆದವುಗಳಾದುದರಿಂದ ಅವುಗಳಲ್ಲಿ ಇಂತಹ ಪಳೆಯುಳಿಕೆಗಳಿಲ್ಲ. ಆ ಶಿಲೆಗಳಿಗಿಂತಲೂ ಬಹಳ ಹಿಂದೆ, ಸುಮಾರು 18 ಕೋಟಿ ವರ್ಷಗಳ ಕೆಳಗೆ, ಯುರೋಪಿನ ಕಡಲಿನಲ್ಲಿ ಮ್ಯಾಕ್ರೊಸ್ಪಾಂಡಿಲಸ್ ಎಂಬ ನೀಳಮೂತಿಯ ಪ್ರಾಣಿ ಇತ್ತು. ಜರ್ಮನಿಯ ಹೋಲ್ಟ್ಸ್‌ಮಾಡೆನ್ ಗ್ರಾಮದ ಸುತ್ತಲಿನ ಕಪ್ಪು ಪದರಶಿಲೆಯಲ್ಲಿ ಅದರ ಅನೇಕ ಅಸ್ಥಿಪಂಜರಗಳು ದೊರೆತಿವೆ. ಅವುಗಳಲ್ಲಿ ಎಳೆಯವೂ ಇವೆ, ಐದು ಮೀಟರಿಗೂ ಮಿಕ್ಕಿದವೂ ಇವೆ.

ಗಾತ್ರದಲ್ಲಿಯೂ ಅಂಗಗಳ ಪ್ರಮಾಣದಲ್ಲಿಯೂ ಬೇರೆಯಾಗಿ ಕಾಣುವ ಎಲುಬುಗಳನ್ನು ನೋಡಿ, ಮರಿಯನ್ನೇ ಬೇರೊಂದು ಜಾತಿಯೆಂದು ಭಾವಿಸುವ ಅಪಾಯವುಂಟು. ಹಾಗಾದರೆ ಇಲ್ಲದ ಪ್ರಾಣಿಯೊಂದು ಶಾಸ್ತ್ರದ ಪಟ್ಟಿಯನ್ನು ಸೇರುತ್ತದೆ. ಈ ತಪ್ಪನ್ನು ತಡೆಯಲು ವಿಜ್ಞಾನಿಗಳು ಬೆನ್ನೆಲುಬನ್ನು ಪರೀಕ್ಷಿಸುತ್ತಾರೆ. ಮೊಸಳೆಯ ಮಣಿಗಳ ಮೇಲ್ಭಾಗ ಮತ್ತು ಕೆಳಭಾಗಗಳು ಎಳವೆಯಲ್ಲಿ ಬೇರೆಬೇರೆಯಾಗಿದ್ದು, ಬಾಲದಿಂದ ಮೊದಲುಗೊಂಡು ಕ್ರಮವಾಗಿ ಕತ್ತಿನತ್ತ ಬೆಸೆಯುತ್ತವೆ. ಎಲುಬನ್ನು ಕೊಯ್ದು ನೋಡಿದರೆ, ಮರದ ಕಾಂಡದಲ್ಲಿರುವಂತೆ, ಬೆಳವಣಿಗೆ ಕುಂಠಿತವಾದ ಕಾಲವನ್ನು ಸೂಚಿಸುವ ಗೆರೆಗಳೂ ಕಾಣುತ್ತವೆ.

ಒಂದು ಪ್ರಾಣಿಯ ಜೀವಿತಾವಧಿಯಲ್ಲಿ ಆಗುವ ಬದಲಾವಣೆ ಹೀಗಿದ್ದರೆ, ಸಂತತಿಯಿಂದ ಸಂತತಿಗೆ ಆದ ಬದಲಾವಣೆ ಇನ್ನೂ ದೊಡ್ಡದು. ಮ್ಯಾಕ್ರೊಸ್ಪಾಂಡಿಲಸಿನ ಬೆನ್ನ ಮೇಲೆ ಎಲುಬಿನ ಕವಚವಿತ್ತು. ಅದರ ಬಂಧುವರ್ಗವಾದ ಮೆಟ್ರಿಯೊರಿಂಕಿಡ್‌ಗಳಲ್ಲಿ ಆ ಕವಚವೇ ಇಲ್ಲವಾಯಿತು. ಮುಂಗಾಲುಗಳು ಬಹಳ ಗಿಡ್ಡವಾಗಿ ಹುಟ್ಟುಗಳಂತಾದವು. ಬಾಲದ ತುದಿಯ ಎಲುಬು ಕೆಳಕ್ಕೆ ಬಾಗಿ ಮೀನಿನ ಬಾಲದಂತಹ ರೆಕ್ಕೆಗೆ ಆಧಾರವಾಯಿತು.

ಬೈಂದೂರು ತಾಲ್ಲೂಕಿನ ಮರವಂತೆಯಲ್ಲಿ ರಸ್ತೆಯ ಒಂದು ಪಕ್ಕದಲ್ಲಿ ಸೌಪರ್ಣಿಕಾ ನದಿ, ಇನ್ನೊಂದು ಪಕ್ಕದಲ್ಲಿ ಅರಬ್ಬೀ ಸಮುದ್ರ. ನೋಡುವವರಿಗೆ ಅವೆರಡರ ನಡುವಣ ದೂರ ಕೆಲವೇ ಹೆಜ್ಜೆಗಳು. ಆದರೆ ದಡದ ಬಾಳನ್ನು ತೊರೆದು ಕಡಲಿಗೇ ಒಗ್ಗುವ ದೇಹವನ್ನು ಪಡೆಯಲು ಆ ಪ್ರಾಣಿಗಳಿಗೆ ಲಕ್ಷೋಪಲಕ್ಷ ವರ್ಷಗಳು ಬೇಕಾದವು. ಆ ದೀರ್ಘ ಪ್ರಯಾಣದ ಕಥೆಯನ್ನು ಇಂದು ಹೇಳಬಲ್ಲವು ಎಲುಬುಗಳು ಮಾತ್ರ.