ಲ್ಯಾಬಿನ ಬೀಕರ್‌ನಿಂದ ಕಾರ್ಖಾನೆಯ ತೊಟ್ಟಿವರೆಗೆ: ಪಿಎಚ್ ಕಾಯುವ ಬಫರ್ ಕೈಕೊಡುವುದು ಯಾವಾಗ?

ಚೆನ್ನೈ: ಅಂಬತ್ತೂರು ಎಂದರೆ ಥಟ್ಟನೆ ನೆನಪಾಗುವುದು ಅಲ್ಲಿನ ಕೈಗಾರಿಕಾ ಎಸ್ಟೇಟ್. 1964ರಲ್ಲಿ ಆರಂಭವಾದ ಈ ಎಸ್ಟೇಟ್‌ನಲ್ಲಿ ವಾಹನ ಬಿಡಿಭಾಗ ತಯಾರಿಸುವವರೂ ಇದ್ದಾರೆ, ಲೋಹಕ್ಕೆ ಲೇಪನ ಮಾಡುವ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳೂ ಇವೆ. ಇಂಥ ಘಟಕಗಳ ತೊಟ್ಟಿಯಲ್ಲಿ ದಿನವೂ ಕೆಲಸ ಮಾಡುವ ರಸಾಯನಶಾಸ್ತ್ರವನ್ನೇ ವಿದ್ಯಾರ್ಥಿಗಳು ಲ್ಯಾಬಿನಲ್ಲಿ ಪುಟ್ಟ ಬೀಕರ್‌ನಲ್ಲಿ ಕಲಿಯುತ್ತಾರೆ. ಅದೇ ರಾಸಾಯನಿಕ ಸಮತೋಲನ, ಪಿಎಚ್ ಮತ್ತು ಬಫರ್.

ಸಮತೋಲನ ಎಂದರೆ ನಿಂತುಹೋಗುವುದಲ್ಲ

11ನೇ ತರಗತಿಯ ಪ್ರಯೋಗವೊಂದನ್ನು ನೋಡೋಣ. ತೆಳು ಹಳದಿಯ ಫೆರಿಕ್ ಕ್ಲೋರೈಡ್ ದ್ರಾವಣಕ್ಕೆ ಬಣ್ಣವಿಲ್ಲದ ಪೊಟ್ಯಾಸಿಯಂ ಥಯೋಸಯನೇಟ್ ಬೆರೆಸಿದರೆ ರಕ್ತಗೆಂಪು ಬಣ್ಣ ಬರುತ್ತದೆ. ಎರಡರಲ್ಲಿ ಯಾವುದನ್ನು ಇನ್ನಷ್ಟು ಹಾಕಿದರೂ ಕೆಂಪು ಗಾಢವಾಗುತ್ತದೆ. ಆಕ್ಸಾಲಿಕ್ ಆಮ್ಲ ಹಾಕಿದರೆ ಅದು ಕಬ್ಬಿಣದ ಅಯಾನುಗಳನ್ನು ಹಿಡಿದಿಟ್ಟುಕೊಳ್ಳುವುದರಿಂದ ಬಣ್ಣ ಮಾಸುತ್ತದೆ. ಅಂದರೆ ಪ್ರನಾಳದಲ್ಲಿ ಕ್ರಿಯೆ ಮುಗಿದಿರುವುದಿಲ್ಲ. ಮುಂದಕ್ಕೂ ಹಿಂದಕ್ಕೂ ಒಂದೇ ವೇಗದಲ್ಲಿ ನಡೆಯುತ್ತಿರುತ್ತದೆ. ಹೊರಗಿನಿಂದ ಒತ್ತಡ ಬಂದಾಗ ಅದನ್ನು ತಗ್ಗಿಸುವ ದಿಕ್ಕಿಗೆ ವಾಲುತ್ತದೆ. ಇದೇ ಲ ಶಾಟ್ಲಿಯೇ ತತ್ವ.

ಒಂದು ಅಂಕಿ, ಹತ್ತು ಪಟ್ಟು ವ್ಯತ್ಯಾಸ

ಪಿಎಚ್ ಎಂಬುದು ದ್ರಾವಣದಲ್ಲಿನ ಹೈಡ್ರೋಜನ್ ಅಯಾನುಗಳ ಅಳತೆ. ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿದ್ದ ರಸಾಯನ ವಿಜ್ಞಾನಿ ಸೊರೆನ್ಸೆನ್ 1909ರಲ್ಲಿ ಇದನ್ನು ಪರಿಚಯಿಸಿದರು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ನೀರಿನ ಪಿಎಚ್ 7. ಅದಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಪ್ರತ್ಯಾಮ್ಲ. ಇಲ್ಲಿ ಒಂದು ಅಂಕಿ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರಿದಂತೆ. 7ರಿಂದ 5ಕ್ಕೆ ಇಳಿದರೆ ನೂರು ಪಟ್ಟು.

ಬಫರ್ ಮಾಡುವ ಕಾವಲು

100 ಮಿ.ಲೀ. ಶುದ್ಧ ನೀರಿಗೆ 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲವನ್ನು ಕೇವಲ 1 ಮಿ.ಲೀ. ಹಾಕಿದರೆ ಪಿಎಚ್ 7ರಿಂದ ಸುಮಾರು 2ಕ್ಕೆ ಕುಸಿಯುತ್ತದೆ. ಅಸಿಟಿಕ್ ಆಮ್ಲ ಮತ್ತು ಸೋಡಿಯಂ ಅಸಿಟೇಟ್ ಎರಡೂ 0.1 ಮೋಲಾರ್ ಇರುವ 100 ಮಿ.ಲೀ. ಬಫರ್‌ಗೆ ಅಷ್ಟೇ ಆಮ್ಲ ಹಾಕಿದರೆ ಪಿಎಚ್ 4.76ರಿಂದ 4.67ಕ್ಕೆ ಮಾತ್ರ ಇಳಿಯುತ್ತದೆ. ಹೊಸದಾಗಿ ಬಂದ ಹೈಡ್ರೋಜನ್ ಅಯಾನುಗಳನ್ನು ಅಸಿಟೇಟ್ ಹಿಡಿದುಕೊಂಡು ಅಸಿಟಿಕ್ ಆಮ್ಲವಾಗಿ ಬದಲಾಗುವುದೇ ಇದಕ್ಕೆ ಕಾರಣ. ನಮ್ಮ ರಕ್ತದ ಪಿಎಚ್ 7.35ರಿಂದ 7.45ರ ನಡುವೆ ಉಳಿಯುವಲ್ಲೂ ಬೈಕಾರ್ಬೊನೇಟ್ ಬಫರ್‌ನ ಪಾತ್ರ ದೊಡ್ಡದು.

ಆದರೆ ಈ ಕಾವಲಿಗೂ ಮಿತಿಯಿದೆ. ಅದೇ ಬಫರ್‌ಗೆ ಒಟ್ಟು 5 ಮಿ.ಲೀ. ಆಮ್ಲ ಸೇರಿದಾಗ ಪಿಎಚ್ ಸುಮಾರು 4.3, 9 ಮಿ.ಲೀ.ಗೆ 3.5. 10 ಮಿ.ಲೀ.ಗೆ ಅಸಿಟೇಟ್ ಬಹುತೇಕ ಖಾಲಿ. 12 ಮಿ.ಲೀ. ಮುಟ್ಟುವಷ್ಟರಲ್ಲಿ 1.8ಕ್ಕೆ ಕುಸಿದಿರುತ್ತದೆ. ಮೊದಲ ಕೆಲವು ಹನಿಗಳಿಗೆ ಮೀಟರ್ ಅಲುಗಾಡಲಿಲ್ಲ ಎಂದು ನಿಶ್ಚಿಂತರಾಗುವಂತಿಲ್ಲ. ಒಳಗೆ ಅಸಿಟೇಟ್ ಖರ್ಚಾಗುತ್ತಲೇ ಇರುತ್ತದೆ.

ಕಾರ್ಖಾನೆಗೂ ಕೆರೆಗೂ ಇದೇ ಪಾಠ

ನಿಕಲ್ ಲೇಪನದ ತೊಟ್ಟಿಗೆ ಬೋರಿಕ್ ಆಮ್ಲ ಹಾಕುವುದು ಬಫರ್ ಆಗಿಯೇ. ಸಾಮಾನ್ಯವಾಗಿ ಅಲ್ಲಿ ಪಿಎಚ್ 4ರ ಆಸುಪಾಸಿನಲ್ಲಿರಬೇಕು. ಲೇಪನವಾಗುವ ವಸ್ತುವಿನ ಮೈಬಳಿ ಪಿಎಚ್ ಏರಿದರೆ ನಿಕಲ್ ಹೈಡ್ರಾಕ್ಸೈಡ್ ಉಂಟಾಗಿ ಲೇಪನ ಒರಟಾಗುತ್ತದೆ, ಬಿರುಸಾಗುತ್ತದೆ.

ಹೊರಹೋಗುವ ನೀರಿನ ವಿಷಯ ಇನ್ನೂ ಸೂಕ್ಷ್ಮ. ಸುಣ್ಣ ಅಥವಾ ಕಾಸ್ಟಿಕ್ ಸೋಡಾ ಹಾಕಿ ಪಿಎಚ್ ಏರಿಸಿದಾಗ ಅದರಲ್ಲಿನ ಲೋಹಗಳು ಹೈಡ್ರಾಕ್ಸೈಡ್ ಆಗಿ ತಳಕ್ಕೆ ಕೂರುತ್ತವೆ. ಪಿಎಚ್ ಅತಿಯಾದರೆ ಸತು, ಕ್ರೋಮಿಯಂನಂಥ ಲೋಹಗಳು ಮತ್ತೆ ಕರಗುತ್ತವೆ. ಕೆರೆ, ನದಿಗಳಿಗೆ ಬಿಡುವ ತ್ಯಾಜ್ಯ ನೀರಿಗೆ ದೇಶದ ಸಾಮಾನ್ಯ ಮಾನದಂಡ ಪಿಎಚ್ 5.5ರಿಂದ 9.

ಕೆರೆ ನೀರಿನಲ್ಲೂ ಬೈಕಾರ್ಬೊನೇಟ್ ಬಫರ್ ಇರುತ್ತದೆ. ಆದ್ದರಿಂದ ಆಮ್ಲ ಸೇರುತ್ತಿದ್ದರೂ ಬಹಳ ದಿನ ಪಿಎಚ್ ಬದಲಾಗದೇ ಇರಬಹುದು. ಹೀಗಾಗಿ ತಜ್ಞರು ಪಿಎಚ್ ಜೊತೆಗೆ ಕ್ಷಾರೀಯತೆಯನ್ನೂ ಅಳೆಯುತ್ತಾರೆ. ಪಿಎಚ್ ಇಂದಿನ ಸ್ಥಿತಿಯನ್ನು ಹೇಳಿದರೆ, ನೀರು ಇನ್ನೆಷ್ಟು ಆಮ್ಲ ತಾಳಬಲ್ಲದು ಎಂಬುದನ್ನು ಕ್ಷಾರೀಯತೆ ಹೇಳುತ್ತದೆ.

ಲ್ಯಾಬಿನಲ್ಲಿ ಇವು ನೆನಪಿರಲಿ

* ಅಳೆಯುವ ಮೊದಲು ಪಿಎಚ್ ಮೀಟರನ್ನು 4, 7 ಮತ್ತು 9.2ರ ಬಫರ್‌ಗಳಲ್ಲಿ ಸರಿಹೊಂದಿಸಿಕೊಳ್ಳಿ.
* ಪ್ರತಿ ಅಳತೆಯ ನಂತರ ಎಲೆಕ್ಟ್ರೋಡನ್ನು ಶುದ್ಧ ನೀರಿನಲ್ಲಿ ತೊಳೆಯಿರಿ.
* ಆಮ್ಲವನ್ನು ನೀರಿಗೆ ಹಾಕಿ, ನೀರನ್ನು ಆಮ್ಲಕ್ಕೆ ಹಾಕಬೇಡಿ.
* ಉಳಿದ ಆಮ್ಲವನ್ನು ಹಾಗೆಯೇ ಸಿಂಕಿಗೆ ಸುರಿಯಬೇಡಿ. ಶಿಕ್ಷಕರು ಹೇಳಿದಂತೆ ತಟಸ್ಥಗೊಳಿಸಿ ವಿಲೇವಾರಿ ಮಾಡಿ.