ಉಂಡ ಮೇಲಿನ ನೆನಹು

ಹಸಿದವನಿಗೆ ದೇವರ ನೆನಪಾಗುವುದು ಸಹಜ. ಹೊಟ್ಟೆ ತುಂಬಿದವನಲ್ಲಿ ಆ ನೆನಪು ಉಳಿಯುವುದೇ ಕಷ್ಟ. ಮನುಷ್ಯಸ್ವಭಾವದ ಈ ಮರ್ಮವನ್ನು ಯೆಹೂದ್ಯರ ಪ್ರಾಚೀನ ಶಾಸ್ತ್ರಕಾರರು ಚೆನ್ನಾಗಿ ಅರಿತಿದ್ದರು. ಆದುದರಿಂದಲೇ ಅವರಲ್ಲಿ ಊಟಕ್ಕೆ ಮುನ್ನ ಹೇಳುವ ಸ್ತುತಿ ಒಂದೇ ವಾಕ್ಯದ್ದು. ಉಂಡ ಮೇಲೆ ಹೇಳುವುದು ಬಲು ದೀರ್ಘವಾದುದು.

ಇಂಥ ಸ್ತುತಿವಚನಕ್ಕೆ ಹೀಬ್ರೂ ಭಾಷೆಯಲ್ಲಿ ‘ಬೆರಾಖಾ’ ಎಂದು ಹೆಸರು. ತಾಲ್ಮುದ್ ಎಂಬ ಬೃಹದ್ಗ್ರಂಥದ ಮೊದಲ ಭಾಗವೇ ಇವುಗಳಿಗೆ ಮೀಸಲು. ಅಲ್ಲಿಯ ಚರ್ಚೆಯೊಂದು ಸ್ವಾರಸ್ಯವಾಗಿದೆ. ಭೂಮಿಯೆಲ್ಲ ದೇವರದೆಂದು ಒಂದು ಕೀರ್ತನೆ ಸಾರುತ್ತದೆ. ಅದನ್ನು ಅವನು ಮನುಷ್ಯರಿಗೆ ಕೊಟ್ಟನೆಂದು ಇನ್ನೊಂದು ಹೇಳುತ್ತದೆ. ಯಾವುದು ನಿಜ? ಎರಡೂ ನಿಜವೆಂಬುದು ಪಂಡಿತರ ಸಮಾಧಾನ. ಸ್ತುತಿಸುವ ಮುನ್ನ ಅದು ದೇವರ ಸೊತ್ತು, ಸ್ತುತಿಸಿದ ಅನಂತರ ಮನುಷ್ಯನದು. ಸ್ತುತಿಸದೆ ತಿಂದವನು ದೇವಾಲಯದ ಸೊತ್ತನ್ನು ಅಪಹರಿಸಿದವನಿಗೆ ಸಮಾನ!

ಒಂದೊಂದು ಬಗೆಯ ಆಹಾರಕ್ಕೂ ವಚನ ಬೇರೆ. ರೊಟ್ಟಿಗೆ ಒಂದು, ದ್ರಾಕ್ಷಾರಸಕ್ಕೆ ಒಂದು, ಮರದ ಹಣ್ಣಿಗೆ ಒಂದು, ನೆಲದ ಬೆಳೆಗೆ ಒಂದು. ನೀರು, ಹಾಲು, ಮೀನುಗಳಿಗೆ ಮತ್ತೊಂದು. ಬಾಳೆಹಣ್ಣು ಯಾವ ವರ್ಗಕ್ಕೆ ಸೇರಬೇಕು? ಗೊನೆಬಿಟ್ಟ ಬಾಳೆ ಮತ್ತೆ ಫಲಿಸದೆ ಸಾಯುವುದರಿಂದ ಅದು ಮರವಲ್ಲ. ಅದರ ಹಣ್ಣಿಗೆ ನೆಲದ ಬೆಳೆಯ ವಚನವೇ ಸಲ್ಲತಕ್ಕದ್ದು. ತಿನ್ನುವವನು ತನ್ನ ಕೈಯಲ್ಲಿರುವುದು ಎಲ್ಲಿಂದ ಬಂತೆಂದು ಕ್ಷಣಕಾಲ ಯೋಚಿಸಲೇಬೇಕು. ನಮ್ಮ ದೇಶದ ಕೊಂಕಣ ತೀರದ ಬೆನೆ ಇಸ್ರೇಲ್ ಯೆಹೂದ್ಯರು ‘ಮಲೀದಾ’ ಎಂಬ ವಿಧಿಯಲ್ಲಿ ಸಿಹಿ ಅವಲಕ್ಕಿ, ತೆಂಗಿನತುರಿ, ಹಣ್ಣುಗಳನ್ನು ತಟ್ಟೆಯಲ್ಲಿಟ್ಟು, ಸ್ತುತಿವಚನಗಳನ್ನು ಹೇಳಿ, ಹಂಚಿಕೊಂಡು ತಿನ್ನುತ್ತಾರೆ.

ಆದರೆ ಊಟಕ್ಕೆ ಮೊದಲಿನ ವಚನಗಳು ಪಂಡಿತರು ವಿಧಿಸಿದವು. ಉಂಡು ತೃಪ್ತನಾದ ಮೇಲೆ ಸ್ತುತಿಸಬೇಕೆಂಬುದಾದರೋ ಮೋಶೆಯ ಧರ್ಮಶಾಸ್ತ್ರದಲ್ಲಿಯೇ ಇರುವ ಆಜ್ಞೆ. ಧರ್ಮೋಪದೇಶಕಾಂಡದ 8ನೆಯ ಅಧ್ಯಾಯ ಅದರ ಕಾರಣವನ್ನೂ ಸೂಚಿಸುತ್ತದೆ. ಹೊಟ್ಟೆ ತುಂಬಿ, ಒಳ್ಳೆಯ ಮನೆ ಕಟ್ಟಿ, ದನಕುರಿಗಳು ಹೆಚ್ಚಿದಾಗ ಮನುಷ್ಯನ ಹೃದಯ ಉಬ್ಬಿ, ಕೊಟ್ಟವನನ್ನು ಮರೆತೀತು ಎಂಬ ಎಚ್ಚರಿಕೆ ಅಲ್ಲಿದೆ.

ರೊಟ್ಟಿಯೂಟದ ಅನಂತರ ಹೇಳುವ ‘ಬಿರ್ಕತ್ ಹಮಾಜೋನ್’ನಲ್ಲಿ ನಾಲ್ಕು ಭಾಗಗಳಿವೆ. ಮೊದಲನೆಯದು ಅನ್ನಕ್ಕಾಗಿ, ಎರಡನೆಯದು ನಾಡಿಗಾಗಿ, ಮೂರನೆಯದು ಜೆರೂಸಲೇಮಿಗಾಗಿ. ಇವು ಕ್ರಮವಾಗಿ ಮೋಶೆ, ಯೆಹೋಶುವ, ದಾವೀದ-ಸೊಲೊಮೋನರಿಂದ ಬಂದವೆಂದು ತಾಲ್ಮುದ್ ಹೇಳುತ್ತದೆ. ನಾಲ್ಕನೆಯದರ ಕಥೆ ಮನಕಲಕುವಂಥದು. ಕ್ರಿ.ಶ. 132ರಲ್ಲಿ ರೋಮನರ ವಿರುದ್ಧ ದಂಗೆಯೆದ್ದ ಯೆಹೂದ್ಯರ ಕೊನೆಯ ಕೋಟೆಯಾದ ಬೇತಾರ್ 135ರಲ್ಲಿ ಬಿದ್ದಿತು. ಹತರಾದವರ ಶವಗಳನ್ನು ಹೂಳಲು ಬಹುಕಾಲ ಅಪ್ಪಣೆ ದೊರೆಯಲಿಲ್ಲವೆಂದು ಐತಿಹ್ಯ. ಕೊನೆಗೊಮ್ಮೆ ಅಪ್ಪಣೆಯಾದ ದಿನ, ಯಾವ್ನೆಯ ಪಂಡಿತರು ದೇವರ ಒಳ್ಳೆಯತನವನ್ನು ಕೊಂಡಾಡುವ ಈ ಭಾಗವನ್ನು ಸೇರಿಸಿದರಂತೆ.

ಗೆದ್ದವರ ಸ್ತುತಿಯಲ್ಲ ಇದು. ಸರ್ವಸ್ವವನ್ನೂ ಕಳೆದುಕೊಂಡು, ಸತ್ತವರಿಗೆ ಮಣ್ಣಾದರೂ ದೊರಕಿತಲ್ಲ ಎಂದು ಕೈಮುಗಿದವರ ಸ್ತುತಿ. ಶ್ರದ್ಧಾವಂತ ಯೆಹೂದ್ಯರ ಮನೆಗಳಲ್ಲಿ ಇಂದಿಗೂ ರೊಟ್ಟಿಯೂಟವಾದ ಮೇಲೆ ಅದನ್ನು ಹೇಳಿಯೇ ಮೇಲೇಳುತ್ತಾರೆ.