ನೋವು ಹೋದ ಮೇಲೂ ಮಾತ್ರೆ ಯಾಕೆ?

ತಿರುಪ್ಪೂರು ಜಿಲ್ಲೆಯ ಧಾರಾಪುರಂ, ಮೂಲನೂರು ಕಡೆ ಹೋದರೆ ಹೊಲಗಳಲ್ಲಿ ಬೆಂಕಿಯ ನಾಲಗೆಯಂಥ ಕೆಂಪು–ಹಳದಿ ಹೂಬಳ್ಳಿ ಕಾಣುತ್ತೀರಿ. ಅದೇ ನಮ್ಮ ಅಗ್ನಿಶಿಖೆ. ತಮಿಳುನಾಡಿನ ರಾಜ್ಯಪುಷ್ಪ. ಅದರ ಬೀಜದಿಂದ ತೆಗೆಯುವ ಕಾಲ್ಚಿಸಿನ್ ಗೌಟ್ ರೋಗಕ್ಕೆ ಬಹಳ ಹಳೆಯ ಔಷಧಿ. ಆದರೆ ಗಿಡವೆಲ್ಲ ವಿಷ. ಗಡ್ಡೆ, ಬೀಜ ತಿಂದರೆ ಪ್ರಾಣಕ್ಕೇ ಅಪಾಯ ಅಂತ ಮಕ್ಕಳಿಗೆ ತಪ್ಪದೆ ಹೇಳಿ.

ಗೌಟ್ ಬಂದವರಿಗೆ ರಾತ್ರೋರಾತ್ರಿ ಕಾಲಿನ ಹೆಬ್ಬೆರಳು ಊದಿಕೊಂಡು, ಹೊದಿಕೆ ತಾಗಿದರೂ ಜೀವ ಹೋದಂತಾಗುತ್ತದೆ. ಒಂದೆರಡು ವಾರದಲ್ಲಿ ನೋವು ತಾನಾಗಿಯೇ ಇಳಿಯುತ್ತದೆ. ತೊಂದರೆ ಶುರುವಾಗೋದೇ ಆಗ. "ನೋವು ಹೋಯ್ತಲ್ಲ ಮೇಷ್ಟ್ರೇ, ಇನ್ಯಾಕೆ ಮಾತ್ರೆ?" ಅಂತ ಯಾರಾದರೂ ಕೇಳಿದರೆ ಏನು ಹೇಳ್ತೀರಿ?

ತರಗತಿಯ ಪ್ರಯೋಗವನ್ನೇ ನೆನಪಿಸಿ. ಬಿಸಿನೀರಿನಲ್ಲಿ ಕರಗುವಷ್ಟೂ ಸಕ್ಕರೆ ಹಾಕಿ ಆರಲು ಬಿಟ್ಟರೆ ಹೆಚ್ಚಾದದ್ದು ಹರಳಾಗುತ್ತದಲ್ಲವೇ? ಹಾಗೆಯೇ 100 ಮಿ.ಲೀ. ರಕ್ತದಲ್ಲಿ ಯೂರಿಕ್ ಆಮ್ಲ ಸುಮಾರು 6.8 ಮಿ.ಗ್ರಾಂ ದಾಟಿದರೆ ಕೀಲುಗಳಲ್ಲಿ ಹರಳುಗಟ್ಟಬಹುದು. ಕಾಲುಬೆರಳು ತಣ್ಣಗಿರುವುದರಿಂದ ಅಲ್ಲೇ ಮೊದಲು. ನೋವು ಹೋದರೂ ಹರಳು ಹೋಗಿರುವುದಿಲ್ಲ. ಹಾಗೇ ಬಿಟ್ಟರೆ ಗಂಟು ಕಟ್ಟಿ ಕೀಲು ಹಾಳಾಗುತ್ತದೆ. ಕಿಡ್ನಿಯಲ್ಲಿ ಕಲ್ಲೂ ಆಗಬಹುದು.

ಇದಕ್ಕೆ ಕೊಡುವ ಮುಖ್ಯ ಮಾತ್ರೆ ಅಲೋಪ್ಯುರಿನಾಲ್. ದೇಹದಲ್ಲಿ ಯೂರಿಕ್ ಆಮ್ಲ ತಯಾರಾಗುವುದನ್ನೇ ಇದು ತಗ್ಗಿಸುತ್ತದೆ. ಇದನ್ನು ರೂಪಿಸಿದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ 1988ರಲ್ಲಿ ನೊಬೆಲ್ ಹಂಚಿಕೊಂಡವರು. ಮಟ್ಟವನ್ನು 6ಕ್ಕಿಂತ ಕೆಳಗೆ ಇಟ್ಟರೆ ಹಳೆಯ ಹರಳು ನಿಧಾನವಾಗಿ ಕರಗುತ್ತವೆ. ಇದಕ್ಕೆ ತಿಂಗಳುಗಳು, ಕೆಲವರಿಗೆ ವರ್ಷಗಳೇ ಬೇಕು.

ಇಲ್ಲೊಂದು ಮೋಸವಿದೆ. ಮಾತ್ರೆ ಶುರು ಮಾಡಿದ ಮೊದಲ ತಿಂಗಳುಗಳಲ್ಲಿ, ಹರಳು ಕದಲುವುದರಿಂದ ನೋವು ಮತ್ತೆ ಬರಬಹುದು. "ಮಾತ್ರೆಯಿಂದಲೇ ಜಾಸ್ತಿ ಆಯ್ತು" ಅಂತ ಜನ ಬಿಟ್ಟುಬಿಡ್ತಾರೆ. ಇದನ್ನು ತಡೆಯಲೆಂದೇ ವೈದ್ಯರು ಆ ಕಾಲದಲ್ಲಿ ಅಗ್ನಿಶಿಖೆಯ ಆ ಕಾಲ್ಚಿಸಿನ್ ಅನ್ನು ಸಣ್ಣ ಪ್ರಮಾಣದಲ್ಲಿ ಜೊತೆಗೆ ಕೊಡುವುದುಂಟು.

ತಿಳಿಸಿ ಹೇಳಿದರೆ ಜನ ಕೇಳ್ತಾರಾ? ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ 517 ರೋಗಿಗಳ ಮೇಲೆ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ನರ್ಸ್‌ಗಳು ರೋಗದ ಬಗ್ಗೆ ವಿವರಿಸಿ, ಮಾತ್ರೆಯ ಪ್ರಮಾಣ ಹೊಂದಿಸಿದ ಗುಂಪಿನಲ್ಲಿ ಎರಡು ವರ್ಷದ ನಂತರ ಶೇ. 95 ಮಂದಿ ಗುರಿ ಮುಟ್ಟಿದ್ದರು. ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ. 30 ಮಾತ್ರ.

ಕೊಯಮತ್ತೂರು, ತಿರುಪ್ಪೂರು ಕಡೆ ಮನೆಯಲ್ಲಿ ಕನ್ನಡ ಮಾತಾಡುವ ಕುಟುಂಬಗಳು ಬಹಳ. ಔಷಧಿ ಚೀಟಿ ಮಾತ್ರ ಇಂಗ್ಲಿಷಿನಲ್ಲಿ. ಆ ವಿವರಣೆಯನ್ನು ಮನೆಮಾತಿನಲ್ಲಿ ಕೊಡಬಲ್ಲವರು ನೀವು. ಮಾತ್ರೆಯನ್ನು ದಿನದ ಒಂದು ಊಟದ ಜೊತೆ ಕಟ್ಟಿಹಾಕಲು ಹೇಳಿ. ರಕ್ತಪರೀಕ್ಷೆಯ ಅಂಕಿಯನ್ನು ಪರೀಕ್ಷೆಯ ಮಾರ್ಕ್ಸಿನಂತೆ ಬರೆದಿಡಿಸಿ. ಬಿ.ಪಿ. ಮಾತ್ರೆ ತಗೊಳ್ಳುವವರು ಅದನ್ನೂ ವೈದ್ಯರಿಗೆ ತಿಳಿಸಲಿ, ಕೆಲವು ಬಿ.ಪಿ. ಮಾತ್ರೆಗಳು ಯೂರಿಕ್ ಆಮ್ಲ ಏರಿಸುತ್ತವೆ. ಅಲೋಪ್ಯುರಿನಾಲ್ ಶುರು ಮಾಡಿದ ಮೇಲೆ ಮೈಮೇಲೆ ದದ್ದು ಎದ್ದರೆ ಮಾತ್ರ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಉಳಿದಂತೆ, ನೋವಿಲ್ಲದ ದಿನವೂ ಮಾತ್ರೆಯ ದಿನವೇ.